ಕಾಲನ್ನು ಕರೆದುಕೊಂಡು ಬನ್ನಿ

ಇಲ್ಲಿರುವ ಕೆಲವು ಸಂಗತಿಗಳು ನಾನು ಬರೆದ ಹಾಗೆಯೇ ನಡೆದಿರಲಿಕ್ಕಿಲ್ಲ. ಅದು ಅವರೆಕಾಯಿ ಕಾಲ ಎಂದು ನನ್ನ ನೆನಪು. ಅತ್ತಿಗೆ ಅಡುಗೆಮನೆಯಲ್ಲಿ ಕೂತು ಕಾಳು ಬಿಡಿಸುತ್ತಿದ್ದರು, ನಾನು ಎದುರಿಗೆ ಕೂತು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅತ್ತಿಗೆಯನ್ನು ಕೇಳಿದರೆ ಅದು ಮಾವಿನಕಾಯಿ ಕಾಲ, ಬಿಡಿಸುತ್ತಿದ್ದದ್ದು ಬೆಳ್ಳುಳ್ಳಿ ಅನ್ನುತ್ತಾರೆ. ಇಬ್ಬರಲ್ಲಿ ಒಬ್ಬರದಾದರೂ ತಪ್ಪಿರಬೇಕು, ಇಬ್ಬರದೂ ಇರಬಹುದು. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಮನೆ ನೆಮ್ಮದಿಯಾಗಿದ್ದ ದಿನಗಳಲ್ಲಿ ನಾನು ಬರೆಯುವುದೇ ಇಲ್ಲ ಎನ್ನುವುದನ್ನು ಈಚೆಗೆ ಗಮನಿಸಿದ್ದೇನೆ. ಹಾಗಾಗಿ ಇದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ, ಆ ಸಾಕ್ಷಿಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಹುಟ್ಟಿ ಬೆಳೆದದ್ದು ಕೆಜಿಎಫ್ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ, ಕಾರ್ಮಿಕರ ಲೈನ್ ಮನೆಯಲ್ಲಿ. ಅವರ ಅಪ್ಪ ಗಣಿ ಮುಚ್ಚುವವರೆಗೂ ಅಲ್ಲೇ ಕೆಲಸಕ್ಕಿದ್ದವರು. ಮದುವೆಯಾಗಿ ಬಂಗಾರಪೇಟೆಗೆ ಬಂದ ಮೇಲೆ ಅತ್ತಿಗೆ ಬೆಂಗಳೂರಿನ ಅಂಚಿನ ಒಂದು ಗಾರ್ಮೆಂಟ್ಸಿಗೆ ಸೇರಿದರು. ಬೆಳಿಗ್ಗೆ ಬೆಳಕು ಹರಿಯುವ ಮುಂಚಿನ ರೈಲು, ವಾಪಸ್ಸು ಕತ್ತಲಾದ ಮೇಲಿನ ರೈಲು. ಹೀಗೇ ವರ್ಷಗಳು ಕಳೆದವು. ಆಮೇಲೆ ಕೆಜಿಎಫ್ ರಸ್ತೆಯಲ್ಲಿ ಒಂದು ಖಾಸಗಿ ಆಸ್ಪತ್ರೆ ತೆರೆಯಿತು. ಮುಂದಿನ ಮೇಜಿನಲ್ಲಿ ಕೂತು ಬಂದವರನ್ನು ಮಾತಾಡಿಸುವ ಹೆಂಗಸರು ಬೇಕು, ಕನ್ನಡ ತಮಿಳು ತೆಲುಗು ಬರಬೇಕು, ಜೊತೆಗೆ ಇಂಗ್ಲಿಷೂ ಇರಬೇಕು ಎಂದು ಯಾರೋ ಹೇಳಿದರು.

‘ಮೂರು ನನ್ನತ್ರ ಐತೆ. ನಾಕನೇದು ನೀನು ಕೊಡು’ ಎಂದರು ಅತ್ತಿಗೆ. ನಾನು ಓದಿದ್ದು ಇಂಗ್ಲಿಷ್ ಎಂಎ, ಕಾಲೇಜಿನಲ್ಲಿ ಕಲಿಸುವುದೂ ಅದನ್ನೇ. ಸಕ್ಕರೆ ಸಾಲ ಕೇಳಿದಷ್ಟು ಸಲೀಸಾಗಿ ಕೇಳಿದರು.

‘ಅಷ್ಟು ಸುಲಭ ಅಲ್ಲ ಅತ್ತಿಗೆ.’

‘ಸುಲಭ ಅಂತ ಯಾರಂದ್ರು? ಕತ್ಲಲ್ಲಿ ಓಗಿ ಕತ್ಲಲ್ಲಿ ಬರೋದು ಸುಲಭಾನಾ? ನಮ್ಮನೆ ಬಾಗ್ಲು ಮದ್ಯಾನ ಎಂಗೆ ಕಾಣ್ತೈತೆ ಅನ್ನೋದೇ ಮರ್ತೋಗೈತೆ ಕಣಮ್ಮ ನಂಗೆ.’

ಅವತ್ತೇ ಪಾಠ ಶುರುವಾಯಿತು.

ನಾನು ನನಗೆ ಕಲಿಸಿದ ಕ್ರಮದಲ್ಲೇ, ಕಾಲಗಳಿಂದ ಹೊರಟೆ. ಭೂತ, ವರ್ತಮಾನ, ಭವಿಷ್ಯತ್ತು. ಅತ್ತಿಗೆ ತಾಳ್ಮೆಯಿಂದ ಕೇಳಿಸಿಕೊಂಡರು. ಮರುದಿನ ಹೇಳಿದರು: ‘ಇದೆಲ್ಲ ನಂಗ್ಯಾಕೆ? ಬಂದೋರ್ನ ಕೂರಿಸ್ಬೇಕು, ಎಬ್ಬಿಸ್ಬೇಕು, ಒಳಕ್ಕೆ ಕಳಿಸ್ಬೇಕು, ಈಚೆಗೆ ಕರೀಬೇಕು. ಚಪ್ಲಿ ಬಿಡಿ ಅನ್ಬೇಕು, ಫೋನು ಆರ್ಸಿ ಅನ್ಬೇಕು. ಅದನ್ನ ಏಳ್ಕೊಡು.’

ಅವರು ಕೇಳಿದ್ದನ್ನು ಒಂದೊಂದಾಗಿ ಇಂಗ್ಲಿಷಿಗೆ ಹೊಂದಿಸಿಕೊಂಡು ನೋಡಿದೆ. ಸಿಟ್ ಡೌನ್, ಗೆಟ್ ಅಪ್, ಗೋ ಇನ್, ಕಮ್ ಔಟ್, ಟೇಕ್ ದೆಮ್ ಆಫ್, ಸ್ವಿಚ್ ಇಟ್ ಆಫ್, ಫಿಲ್ ಇಟ್ ಇನ್. ಎಲ್ಲವೂ ಒಂದು ಪುಟ್ಟ ಕ್ರಿಯಾಪದ, ಅದರ ಹಿಂದೆ ಒಂದು ಪುಟ್ಟ ಬಾಲ. ದೊಡ್ಡ ಪದಗಳ ಅಗತ್ಯವೇ ಇರಲಿಲ್ಲ. ಒಂದು ಆಸ್ಪತ್ರೆಯ ಹಗಲೆಲ್ಲ ಇಂಥ ಜೋಡಿಗಳಲ್ಲೇ ಸಾಗಬಹುದು.

ಅತ್ತಿಗೆಗೆ ಆ ಜೋಡಿಗಳು ಹೊಸವೂ ಅಲ್ಲ. ನಾವೆಲ್ಲ ದಿನಾ ಆಡುವ ಸ್ವಿಚ್ಚಾಫು, ಪಿಕಪ್ಪು, ಚೆಕಪ್ಪು, ಸೆಟಪ್ಪು. ಬಾಲವನ್ನು ತಲೆಗೇ ಅಂಟಿಸಿ, ಮೇಲೊಂದು ‘ಮಾಡು’ ಕೂರಿಸಿದರೆ ಕನ್ನಡವಾಯಿತು. ತೊಡಕು ಬಂದದ್ದು ‘ಅದು’, ‘ಅವನು’, ‘ಅವರು’ ಎನ್ನುವವರನ್ನು ಎಲ್ಲಿ ಕೂರಿಸಬೇಕು ಎನ್ನುವಲ್ಲಿ. ಕನ್ನಡದಲ್ಲಿ ಅವರು ಮುಂದೆಯೇ ಬಂದು ಕೂತುಬಿಡುತ್ತಾರೆ: ಅದನ್ನ ಆಫ್ ಮಾಡಿ, ಅವರನ್ನ ಪಿಕಪ್ ಮಾಡಿ. ಇಂಗ್ಲಿಷಿನಲ್ಲಿ ಜೋಡಿಯನ್ನು ಬಿಡಿಸಿ ನಡುವೆ ಕೂರಿಸಬೇಕು. ಅತ್ತಿಗೆ ‘ಸ್ವಿಚ್ಚಾಫ್ ಇಟ್’ ಅನ್ನುತ್ತಿದ್ದರು, ನಾನು ‘ಸ್ವಿಚ್ ಇಟ್ ಆಫ್’ ಅನ್ನುತ್ತಿದ್ದೆ, ಅವರು ಮತ್ತೆ ‘ಸ್ವಿಚ್ಚಾಫ್ ಇಟ್’ ಅನ್ನುತ್ತಿದ್ದರು.

ಒಂದು ದಿನ ಅವರ ಕೈ ನಿಂತಿತು. ಅವರೆಯೋ ಬೆಳ್ಳುಳ್ಳಿಯೋ, ಮೊರದಲ್ಲೇ ಉಳಿಯಿತು.

‘ತಡಿ. ಇದು ನಮ್ಮ ಲೇಡೀಸ್ ಬೋಗಿ ಸೀಟಿದ್ದಂಗೆ. ಸ್ವಿಚ್ಚು ಕಿಟಕಿ ಪಕ್ಕ ಕೂತವ್ಳೆ, ಆಫು ಈ ಕಡೆ ಕೂತವ್ಳೆ. ಈ ಇಟ್ಟು, ಹಿಮ್ಮು, ದೆಮ್ಮು ಎಲ್ಲಾ ಸಣ್ಣಕ್ಕವ್ರೆ. ಒಸಿ ಜರುಗಮ್ಮ ಅಂದು ಮದ್ಯಕ್ಕೆ ತೂರ್ಕೋತಾರೆ. ಅಂಗೇನಾ?’

‘ಹಂಗೇ. ಹೆಸರು ಹೇಳಿದ್ರೆ ಎರಡು ಕಡೆಯೂ ಆಗತ್ತೆ. ಸ್ವಿಚ್ ದ ಫ್ಯಾನ್ ಆಫ್, ಸ್ವಿಚ್ ಆಫ್ ದ ಫ್ಯಾನ್.’

‘ಅವ್ಳು ಮೂಟೆ ಇಟ್ಕೊಂಡಿರೋ ದಪ್ಪಮ್ಮ. ಮದ್ಯ ಕೂತ್ರೂ ಸರಿ, ತುದೀಲಿ ಕೂತ್ರೂ ಸರಿ, ಯಾರೂ ಕೇಳಲ್ಲ.’

‘ಮತ್ತೆ ಲುಕ್ ಆಫ್ಟರ್? ಲುಕ್ ಆಫ್ಟರ್ ಹಿಮ್ ಅನ್ಬೇಕು, ಲುಕ್ ಹಿಮ್ ಆಫ್ಟರ್ ಅನ್ನೋ ಹಾಗಿಲ್ಲ.’

ಅತ್ತಿಗೆ ಸ್ವಲ್ಪ ಯೋಚಿಸಿದರು. ‘ಅವ್ರಿಬ್ರೂ ಅಕ್ಕತಂಗೀರು. ಅಂಟ್ಕೊಂಡು ಕೂತವ್ರೆ. ಜಾಗ ಕೇಳಿದ್ರೆ ಕಿಟಕಿ ಕಡೆ ಮಕ ತಿರುಗಿಸ್ತಾರೆ.’

ಈ ಹೋಲಿಕೆ ಅತ್ತಿಗೆಯದು ಎಂದು ನಾನು ಬರೆದಿದ್ದೇನೆ. ಅವರು ಅದು ನಾನೇ ಹೇಳಿಕೊಟ್ಟದ್ದು ಅನ್ನುತ್ತಾರೆ. ಆಮೇಲೆ ತರಗತಿಯಲ್ಲಿ ಎಷ್ಟೋ ಸಲ ಬಳಸಿರುವುದರಿಂದ ಈಗ ಬಾಯಿಗೆ ನನ್ನದೇ ಮಾತಿನಂತೆ ಬರುತ್ತದೆ. ಯಾರದಾದರೂ ಆಗಲಿ, ಅದರಿಂದ ಎಲ್ಲವೂ ಸರಿಹೋಗಲಿಲ್ಲ ಎನ್ನುವುದು ಮಾತ್ರ ಖಂಡಿತ. ‘ಕಮ್ ಹರ್ ಇನ್’ ಎಂದು ಪಕ್ಕದ ಮನೆಯವರನ್ನು ಒಳಗೆ ಕರೆದದ್ದು ಅದಾದ ಮೇಲೆಯೇ.

ಆ ದಿನಗಳಲ್ಲಿ ನನಗೂ ಒಂದು ಹೊಸ ಕಿವಿ ಬಂದಿತ್ತು. ಲುಕ್ ಎಂದರೆ ನೋಡು. ಅದಕ್ಕೊಂದು ಬಾಲ ಸೇರಿದರೆ ಯಾಕೆ ಆರೈಕೆ ಎಂದಾಗುತ್ತದೆ ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ, ಅದಕ್ಕೆ ಕಾರಣವಿಲ್ಲ, ಬಾಯಿಪಾಠ ಮಾಡಿ ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಅತ್ತಿಗೆ ಕೇಳಲೇ ಇಲ್ಲ. ‘ನೋಡ್ಕೋ ಅಂದಂಗೆ’ ಎಂದು ಸುಮ್ಮನಾದರು. ನಮ್ಮಲ್ಲೂ ನೋಡುವುದಕ್ಕೆ ‘ಕೊಳ್ಳು’ ಸೇರಿದರೆ ಆರೈಕೆಯೇ. ಅವರ ತೌರಿನ ತಮಿಳಿನಲ್ಲಿ ಪಾತ್ತುಕೋ, ನಮ್ಮೂರ ತೆಲುಗಿನಲ್ಲಿ ಚೂಸುಕೋ. ಎಲ್ಲ ಕಡೆಯೂ ಕಣ್ಣಿನಿಂದಲೇ ಹೊರಟು ಕೈಗೆ ಬರುತ್ತದೆ. ತೆಗೆ ಬೇರೆ, ತೆಗೆದಿಡು ಬೇರೆ, ತೆಗೆದುಕೋ ಬೇರೆ, ತೆಗೆದುಹಾಕು ಬೇರೆ. ಇಷ್ಟೆಲ್ಲ ಬಾಲಗಳನ್ನು ಆಡಿಸಿಕೊಂಡೇ ಬೆಳೆದ ನಾನು ಇಂಗ್ಲಿಷಿನ ಬಾಲ ಕಂಡು ಅಷ್ಟು ವರ್ಷ ಯಾಕೆ ಬೆರಗಾಗಿದ್ದೆನೋ.

ಅಣ್ಣನಿಗೆ ಬೂದಿಕೋಟೆ ರಸ್ತೆಯಲ್ಲಿ ಪಂಕ್ಚರ್ ಅಂಗಡಿ. ರಾತ್ರಿ ಊಟಕ್ಕೆ ಬಂದವನು ತಟ್ಟೆಯ ಮುಂದೆ ಕೂತು ಕಾದ.

‘ಏನ್ರಮ್ಮಾ, ಇದು ಮನೇನೋ ಕಾನ್ವೆಂಟೋ? ಮುದ್ದೆ ಬರ್ತದಾ, ಇಲ್ಲಾ ಬೆಲ್ ಹೊಡೀಬೇಕಾ?’

ಅತ್ತಿಗೆ ಮುದ್ದೆ ತಂದು ‘ಐ ಆಮ್ ಪುಟ್ಟಿಂಗ್ ಇಟ್ ಡೌನ್’ ಎಂದು ತಟ್ಟೆಗಿಟ್ಟರು.

‘ಸರಿ, ಸಾರು?’

‘ಸಾರು ಇನ್ನಾ ಪಾಠ ಆಗಿಲ್ಲ. ಎದ್ದು ಬಡಿಸ್ಕೋ. ಗೆಟ್ ಅಪ್ಪು.’

ಅಣ್ಣ ಎದ್ದು ಬಡಿಸಿಕೊಂಡ. ಮನೆಯಲ್ಲಿ ಇಷ್ಟು ನಕ್ಕದ್ದು ನನಗೆ ನೆನಪಿಲ್ಲ. ಇದನ್ನು ಮಾತ್ರ ನಾನು ಹಿಗ್ಗಿಸಿ ಬರೆಯುತ್ತಿಲ್ಲ ಅಂದುಕೊಂಡಿದ್ದೇನೆ.

ತೊಡಕು ಬೇರೆಡೆ ಕಾದಿತ್ತು. ಆಸ್ಪತ್ರೆಯ ಮಾತುಗಳನ್ನು ಅಭ್ಯಾಸ ಮಾಡಿಸಲೆಂದು ನಾನು ರೋಗಿಯಾಗುತ್ತಿದ್ದೆ. ಬಾಗಿಲಿನಿಂದ ಕುಂಟುತ್ತ ಬರುವುದು, ಅತ್ತಿಗೆ ಕೂರಿಸುವುದು, ಹೆಸರು ಕೇಳುವುದು, ಒಳಗೆ ಕಳಿಸುವುದು. ಎಲ್ಲ ಚೆನ್ನಾಗಿ ಆಯಿತು. ಕೊನೆಗೆ ವಾಸಿಯಾಗಿ ಮನೆಗೆ ಹೊರಟ ರೋಗಿ ನಾನು. ಹೊಲಿಗೆ ಬಿಚ್ಚಿಸಲು ಮತ್ತೆ ಬರಬೇಕು ಎಂದು ನನಗೆ ತಿಳಿಸಬೇಕು.

‘ಹೇಳಿ ಅತ್ತಿಗೆ. ಪ್ಲೀಸ್ ಕಮ್ ಬ್ಯಾಕ್ ಆನ್ ಮಂಡೇ.’

ಅತ್ತಿಗೆ ಹೇಳಲಿಲ್ಲ.

‘ಮರೆತೋಯ್ತಾ? ಕಮ್ ಬ್ಯಾಕ್. ನಡುವೆ ಕೂರೋರೂ ಯಾರಿಲ್ಲ.’

‘ಮರ್ತಿಲ್ಲ. ಆಸ್ಪತ್ರೆಯಿಂದ ಓಗೋರ್ಗೆ ತಿರ್ಗಾ ಬನ್ನಿ ಅಂತಾರಾ ಯಾರಾದ್ರೂ? ನಿಂಗೆ ಯಾರಾದ್ರೂ ಅಂದ್ರೆ ಸುಮ್ಕಿರ್ತೀಯಾ?’

ನನಗೂ ಗೊತ್ತಿಲ್ಲದ್ದಲ್ಲ. ನಮ್ಮ ಕಡೆ ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತೇವೆ. ಆದರೆ ಸತ್ತವರ ಮನೆಯಿಂದ, ಆಸ್ಪತ್ರೆಯಿಂದ ಹೊರಡುವಾಗ ಆ ಮಾತೇ ಬಾಯಿಗೆ ಬರಬಾರದು. ಸುಮ್ಮನೆ ಎದ್ದು ನಡೆಯಬೇಕು. ಆ ಭಾನುವಾರ ಕೋರಮಂಡಲ್‌ನಿಂದ ಬಂದಿದ್ದ ಅತ್ತಿಗೆಯ ಅಮ್ಮ ಕೂಡ ಮಗಳ ಪರವೇ ನಿಂತರು. ‘ಅಪ್ಪಡಿ ಸೊಲ್ಲಕೂಡಾದು ಕಣ್ಣು, ಅಂಗನ್ಬಾರ್ದು. ಆಸ್ಪತ್ರೆ, ಮಸಣ, ಪೊಲೀಸ್ ಸ್ಟೇಷನ್ನು, ಈ ಮೂರ್ ಕಡೆ ಬಾ ಅಂತ ಕರೆಯೋದು ಪಾಪ.’

‘ಆದರೆ ಹೊಲಿಗೆ ಬಿಚ್ಚಿಸಲೇಬೇಕಲ್ಲ ಅಮ್ಮ?’

‘ಬಿಚ್ಚಿಸ್ಲಿ. ಬೇಡ ಅಂದೋರು ಯಾರು? ಕರೀಬಾರ್ದು ಅಷ್ಟೇ.’

ಇದರ ಹಿಂದೆ ಒಂದು ಕತೆ ಇರಬೇಕು ಎಂದು ನಾನು ಊಹಿಸಿದೆ. ಅತ್ತಿಗೆಯ ಅಪ್ಪ ಗಣಿಗೆ ಇಳಿಯುತ್ತಿದ್ದವರು. ಯಾವಾಗಲೋ ಅಪಘಾತವಾಗಿ, ಆಸ್ಪತ್ರೆಗೆ ಸೇರಿ, ಯಾರೋ ಹೋಗಿ ಬನ್ನಿ ಎಂದು, ಅವರು ಮತ್ತೆ ಬರುವಂತಾಗಿ... ಹೀಗೆ ಒಂದು ಪೂರಾ ಕತೆಯನ್ನು ಮನಸ್ಸಿನಲ್ಲೇ ಕಟ್ಟಿ ಅತ್ತಿಗೆಯನ್ನು ಮೆಲ್ಲಗೆ ಕೇಳಿದೆ. ‘ಅಂಥದ್ದೇನೂ ಆಗಿಲ್ಲಮ್ಮ. ಅಪ್ಪನಿಗೆ ಒಂದು ನೆಗಡಿ ಬಂದಿದ್ದೂ ಕಾಣೆ. ಎಲ್ರಿಗೂ ಗೊತ್ತಿರೋದೇ ತಾನೇ ಇದು’ ಎಂದರು. ಒಂದು ನಡವಳಿಕೆಯ ಹಿಂದೆ ಒಂದು ದುಃಖವನ್ನು ಹುಡುಕುವುದು ನನ್ನ ಓದಿನಿಂದ ಬಂದ ಚಾಳಿ ಇರಬೇಕು.

ಸಂದರ್ಶನ ಸರಾಗವಾಗಿ ಮುಗಿಯಿತು. ಕೆಲವು ದಿನ ಕೂತು ಕೆಲಸ ಮಾಡಿ ತೋರಿಸಿ, ಆಮೇಲೆ ಹೇಳುತ್ತೇವೆ ಎಂದರು. ಅತ್ತಿಗೆ ಗಾರ್ಮೆಂಟ್ಸಿಗೆ ರಜೆ ಹಾಕಿ ಹೋದರು. ಬಂದವರನ್ನು ಕೂರಿಸಿದರು, ಒಳಗೆ ಕಳಿಸಿದರು, ಮೂರು ಭಾಷೆಯಲ್ಲಿ ಸಮಾಧಾನ ಮಾಡಿದರು. ಆದರೆ ಮನೆಗೆ ಹೊರಟ ರೋಗಿ ಮೇಜಿನ ಮುಂದೆ ಬಂದರೆ ಪಕ್ಕದಲ್ಲಿ ಕೂತ ಹುಡುಗಿಯ ಕಡೆ ಕೈ ತೋರಿಸಿಬಿಡುತ್ತಿದ್ದರು. ಆಸ್ಪತ್ರೆ ನಡೆಸುವ ಡಾಕ್ಟರಮ್ಮನ ಕಣ್ಣಿಗೆ ಇದು ಬಿತ್ತು. ಕರೆದು ಹೇಳಿದರಂತೆ: ‘ಹೊಲಿಗೆ ಹಾಕಿಸಿಕೊಂಡು ಹೋದವರು ಬಿಚ್ಚಿಸೋದಕ್ಕೆ ಬರೋದೇ ಇಲ್ಲ, ಗಾಯ ಕೆಡಿಸಿಕೊಂಡು ಬರ್ತಾರೆ. ಅವರಿಗೆ ಹೇಳಿ ಕಳಿಸೋದು ಈ ಮೇಜಿನ ಮುಖ್ಯ ಕೆಲಸ. ನಾಳೆಯಿಂದ ನೀವೇ ಹೇಳಬೇಕು. ಆಗಲ್ಲ ಅಂದ್ರೆ ಬೇರೆಯವರನ್ನ ನೋಡಿಕೊಳ್ತೀನಿ.’

ಡಾಕ್ಟರಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಷ್ಟ. ಅವತ್ತು ಸಂಜೆ ಅತ್ತಿಗೆ ಮನೆಗೆ ಬಂದವರೇ ಅಕ್ಕಿ ಆರಿಸಲು ಕೂತರು. ಸೋಮವಾರದಿಂದ ಮತ್ತೆ ರೈಲು ಹಿಡಿಯಬೇಕಾಗುತ್ತದೇನೋ ಎನ್ನುವುದು ಅವರ ಮುಖದಲ್ಲೇ ಇತ್ತು.

ನನಗೆ ರೇಗಿತು. ‘ಅದು ಬರೀ ಇಂಗ್ಲಿಷು ಅತ್ತಿಗೆ. ಕನ್ನಡದಲ್ಲಿ ಬನ್ನಿ ಅಂದ್ರೆ ತಾನೇ ತಪ್ಪು? ಇಂಗ್ಲಿಷ್ನಲ್ಲಿ ಅಂದ್ರೆ ತಟ್ಟಲ್ಲ.’

‘ಯಾಕೆ, ದೇವ್ರಿಗೆ ಇಂಗ್ಲಿಷ್ ಬರಲ್ವಾ?’

ಅಣ್ಣ ಬಾಗಿಲಲ್ಲಿ ನಿಂತು ಜೋರಾಗಿ ನಕ್ಕ. ಅತ್ತಿಗೆ ನಗಲಿಲ್ಲ. ‘ನಗು, ನಗು. ನಿಂಗೇನು, ನಿನ್ನಂಗ್ಡೀಲಿ ಟೈರಿಗೆ ತಿರ್ಗಾ ಬಾ ಅಂದ್ರೆ ಲಾಬ’ ಎಂದರು.

ಅಷ್ಟರಲ್ಲಿ ಮೋಡ ಕವಿದು ನಾಲ್ಕು ಹನಿ ಬಿತ್ತು. ಮಹಡಿಯ ಮೇಲೆ ಬಟ್ಟೆ ಒಣಹಾಕಿತ್ತು. ಅಭ್ಯಾಸಬಲದಿಂದ ನಾನು ‘ಬ್ರಿಂಗ್ ದೆಮ್ ಇನ್’ ಎಂದೆ. ಅತ್ತಿಗೆ ಎದ್ದು ಹೋಗಿ ಬಟ್ಟೆಯೆಲ್ಲ ಬಾಚಿಕೊಂಡು ಬಂದರು. ಮಡಿಸುತ್ತ ಏನನ್ನೋ ಗೊಣಗುತ್ತಿದ್ದರು. ಏನು ಎಂದು ಕೇಳಿದೆ, ಏನಿಲ್ಲ ಎಂದರು. ನಾನು ಕೇಳಿದೆ ಎಂದೇ ನನ್ನ ನೆನಪು. ಕೇಳದೆಯೂ ಇದ್ದಿರಬಹುದು.

ಮರುದಿನ ಕಾಲೇಜು ಮುಗಿಸಿ ನೇರ ಆಸ್ಪತ್ರೆಗೆ ಹೋದೆ. ಇದು ನಾನು ಕಣ್ಣಾರೆ ಕಂಡದ್ದು. ಅತ್ತಿಗೆಯ ಮೇಜಿನ ಎದುರಿನ ಬೆಂಚಿನಲ್ಲಿ ಕೂತಿದ್ದೆ. ಉದ್ದನೆಯ ಫ್ರಾಕು ತೊಟ್ಟ ವಯಸ್ಸಾದ ಹೆಂಗಸೊಬ್ಬರು ಕೋಲೂರಿಕೊಂಡು ಒಳಗಿನಿಂದ ಬಂದರು. ಗಣಿ ನಡೆಯುತ್ತಿದ್ದ ಕಾಲದಿಂದ ಕೆಜಿಎಫ್‌ನಲ್ಲೇ ಉಳಿದ ಆಂಗ್ಲೋ ಇಂಡಿಯನ್ ಮನೆಯವರು ಎಂದು ಅವರ ಇಂಗ್ಲಿಷಿನಿಂದಲೇ ಗೊತ್ತಾಗುತ್ತಿತ್ತು. ಹಿಂದಿನ ವಾರ ಮೆಟ್ಟಿಲಲ್ಲಿ ಜಾರಿ ಮೊಣಕಾಲ ಕೆಳಗೆ ಗಾಯವಾಗಿ ಹೊಲಿಗೆ ಬಿದ್ದಿತ್ತು, ಅವತ್ತು ಪಟ್ಟಿ ಬದಲಿಸಿಕೊಂಡು ಹೊರಟಿದ್ದರು. ಡಾಕ್ಟರಮ್ಮ ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಪಕ್ಕದ ಹುಡುಗಿ ಬೇಕೆಂದೇ ಕಂಪ್ಯೂಟರಿನಲ್ಲಿ ಮುಖ ಹುದುಗಿಸಿದಳು.

ಅತ್ತಿಗೆ ಎದ್ದು ನಿಂತರು. ಸೀರೆಯ ಸೆರಗನ್ನು ಎಳೆದುಕೊಂಡರು.

‘ಮೇಡಂ, ಮಂಡೇ ಬ್ರಿಂಗ್ ಇಟ್ ಇನ್. ವಿ ವಿಲ್ ಟೇಕ್ ದೆಮ್ ಔಟ್.’

ಆಕೆ ನಿಂತರು. ‘ಬ್ರಿಂಗ್ ವಾಟ್ ಇನ್, ಚೈಲ್ಡ್?’

‘ಲೆಗ್, ಮೇಡಂ.’ ಅತ್ತಿಗೆ ಕಾಲಿನ ಕಡೆ ಬೆರಳು ತೋರಿಸಿದರು.

ಆಕೆ ತಮ್ಮ ಕಾಲನ್ನು ಒಮ್ಮೆ ನೋಡಿಕೊಂಡು ಕನ್ನಡಕ್ಕೆ ಇಳಿದರು. ‘ಕಾಲು ಬಂದ್ರೆ ಜೊತೆಗೆ ನಾನೂ ಬರ್ಬೇಕಲ್ಲಮ್ಮ?’

‘ಅದು ನಂಗೊತ್ತಿಲ್ಲ ಮೇಡಂ. ನಾನು ಕರೀತಿರೋದು ಕಾಲನ್ನ. ನಿಮ್ಮನ್ನ ಮಾತ್ರ ನಾನು ಕರಿಯಲ್ಲ.’

ಪಕ್ಕದ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿದಳು. ಕೆಲಸ ಹೋಯಿತು ಅಂದುಕೊಂಡೆ. ಆಮೇಲೆ ಆಕೆ ಕೋಲನ್ನು ನೆಲಕ್ಕೆ ಕುಟ್ಟಿ ನಗತೊಡಗಿದರು. ‘ನಮ್ಮಮ್ಮ ಆಸ್ಪತ್ರೆ ಬಾಗ್ಲಲ್ಲಿ ಗುಡ್‌ಬೈ ಕೂಡ ಹೇಳ್ತಿರ್ಲಿಲ್ಲ, ನಮ್ಮನ್ನೂ ಹೇಳೋಕೆ ಬಿಡ್ತಿರ್ಲಿಲ್ಲ’ ಎಂದರು. ಅತ್ತಿಗೆಯ ಕೆನ್ನೆ ತಟ್ಟಿ, ‘ಐ ವಿಲ್ ಬ್ರಿಂಗ್ ಇಟ್ ಇನ್’ ಎಂದು ಮೆಲ್ಲನೆ ಇಳಿದು ಹೋದರು.

ಡಾಕ್ಟರಮ್ಮ ಹತ್ತಿರ ಬಂದರು. ನನ್ನ ನೆನಪಿನಲ್ಲಿ ಅವರು ನಗುತ್ತಿದ್ದಾರೆ. ಆದರೆ ಅವರು ಮಾಸ್ಕ್ ಹಾಕಿದ್ದರು ಎನ್ನುವುದೂ ಅಷ್ಟೇ ಚೆನ್ನಾಗಿ ನೆನಪಿದೆ, ಹಾಗಾಗಿ ನಗುವನ್ನು ನಾನು ಹೇಗೆ ಕಂಡೆನೋ. ಹೇಳಿದ ಮಾತು ಮಾತ್ರ ಕೇಳಿಸಿತು. ‘ಸೋಮವಾರ ಅವರ ಕಾಲು ಬಂತಾ ನೋಡೋಣ.’

ಆ ಶನಿವಾರ ಭಾನುವಾರ ಮನೆಯಲ್ಲಿ ಯಾರೂ ಇಂಗ್ಲಿಷ್ ಆಡಲಿಲ್ಲ. ಅಣ್ಣ ಕೂಡ ತಮಾಷೆ ಬಿಟ್ಟಿದ್ದ. ಸೋಮವಾರ ಮಧ್ಯಾಹ್ನ ಅತ್ತಿಗೆಯ ಫೋನು ಬಂತು. ಮುದುಕಿ ಬಂದರಂತೆ, ಬಾಗಿಲಲ್ಲೇ ನಿಂತು ಕಾಲನ್ನು ಕರೆದುಕೊಂಡು ಬಂದಿದ್ದೇನೆ ಎಂದು ಇಡೀ ಆಸ್ಪತ್ರೆಗೆ ಕೇಳುವಂತೆ ಇಂಗ್ಲಿಷಿನಲ್ಲಿ ಕೂಗಿದರಂತೆ. ಹೊಲಿಗೆ ಬಿಚ್ಚಿದ್ದಾಯಿತಂತೆ. ಡಾಕ್ಟರಮ್ಮ ಅತ್ತಿಗೆಗೆ ‘ನಾಳೆಯಿಂದ ಖಾಯಂ ಬನ್ನಿ’ ಅಂದರಂತೆ.

‘ನೀವೇನಂದ್ರಿ?’

‘ಬತ್ತೀನಿ ಅಂದೆ.’

‘ಆಸ್ಪತ್ರೆಯಲ್ಲಿ ನಿಂತ್ಕೊಂಡು ಬತ್ತೀನಿ ಅಂದ್ರಾ?’

‘ಅದು ಕೆಲ್ಸಕ್ಕೆ ಕಣಮ್ಮ, ಕಾಯ್ಲೆಗಲ್ಲ. ಅಷ್ಟೂ ಗೊತ್ತಾಗಲ್ವಾ ಎಂಎ ಓದಿದೋಳ್ಗೆ?’

ಸಂಜೆ ಮೂವರೂ ಪೇಟೆಗೆ ಹೋಗಿ ಪಾನಿಪುರಿ ತಿಂದೆವು. ನಮ್ಮೂರಿನ ಪಾನಿಪುರಿಯ ನೀರು ಕೊಳಾಯಿ ನೀರಿನಷ್ಟು ತಿಳಿಯಾಗಿರುತ್ತದೆ, ಬಾಯಿಗೆ ಹಾಕಿದ ಮೇಲೆಯೇ ಖಾರ ಗೊತ್ತಾಗುವುದು. ಅತ್ತಿಗೆ ಕಣ್ಣೊರೆಸಿಕೊಂಡದ್ದು ಖಾರಕ್ಕೇ ಎಂದರು.

ಈಗ ಆ ಆಸ್ಪತ್ರೆಯ ಮೇಜಿನಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರಂತೆ. ಕೈ ತನ್ನಿ, ಕಣ್ಣು ತನ್ನಿ, ಹೊಟ್ಟೆ ತನ್ನಿ. ರೋಗಿಗಳು ನಗುತ್ತಾರೆ, ಹೇಳಿದ ದಿನ ಮರೆಯುವುದಿಲ್ಲ ಎಂದು ಅತ್ತಿಗೆ ಹೇಳುತ್ತಾರೆ. ಈ ಕೊನೆಯ ಮಾತನ್ನು ನಾನು ಪರೀಕ್ಷಿಸಿಲ್ಲ. ಹೊಲಿಗೆ ಬಿಚ್ಚಿಸುವುದನ್ನು ಮರೆಯುವವರು ಈಗಲೂ ಇದ್ದೇ ಇರಬೇಕು.

ಅತ್ತಿಗೆಯ ಕೆಲಸ ನಾಲ್ಕಕ್ಕೆ ಮುಗಿಯುತ್ತದೆ. ಮೊದಮೊದಲು ಬಿಸಿಲಿರುವಾಗಲೇ ಮನೆಗೆ ಬಂದು, ಏನು ಮಾಡುವುದೆಂದು ತೋಚದೆ ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದರು. ಈಗ ಅಲ್ಲಿ ಕೂರುವುದೇ ಒಂದು ಕೆಲಸವಾಗಿದೆ. ಹೋದ ವಾರ ನಾನೂ ಕಾಫಿ ಹಿಡಿದು ಪಕ್ಕದಲ್ಲಿ ಕೂತೆ. ನಮ್ಮ ಮನೆಯ ಬಾಗಿಲ ಮೇಲೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಆಗ ಕೇಳಿದೆ. ಅತ್ತಿಗೆ ಕಾಫಿ ಮುಗಿಸಿದರು, ನನ್ನ ಲೋಟವನ್ನೂ ತೆಗೆದುಕೊಂಡು ಒಳಗೆ ಹೋದರು. ಆಮೇಲೆ ಬೇರೆ ಮಾತುಗಳೆಲ್ಲ ಬಂದವು, ಅದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.

‘ಅವತ್ತು ಡಾಕ್ಟರಮ್ಮ, ಇದೆಲ್ಲ ಬೇಡ, ಕಮ್ ಬ್ಯಾಕ್ ಅಂತಲೇ ಹೇಳಬೇಕು, ಇಲ್ಲಾಂದ್ರೆ ಕೆಲಸ ಇಲ್ಲ ಅಂದಿದ್ರೆ, ಹೇಳ್ತಿದ್ರಾ ಅತ್ತಿಗೆ?’